ನೂರಾ ಇಪ್ಪತ್ತು ಚೀಲದ ಟ್ಯಾಂಕು

ಮೀರಾಹುಸೇನರನ್ನು ಮೊದಲ ಸಲ ನೋಡಿದಾಗ ಅವರು ಯಾವುದೋ ದರ್ಗಾದಿಂದ ಬಂದ ಹಿರಿಯರೆಂದು ನಾನು ತಿಳಿದಿದ್ದೆ. ವರ್ಷಕ್ಕಾಗುವಷ್ಟು ಸೋನಾ ಮಸೂರಿ ಕೊಳ್ಳಲು ರಾಯಚೂರಿನ ಗಿಲ್ಲೆಸುಗೂರು ರಸ್ತೆಯಲ್ಲಿರುವ ಮಹಾಂತಯ್ಯನವರ ರೈಸ್ ಮಿಲ್ಲಿಗೆ ಹೋಗಿದ್ದೆ. ಒಳಗೆ ಧೂಳು, ಗದ್ದಲ. ಅದರ ನಡುವೆ ಬಿಳಿ ಗಡ್ಡ, ಬಿಳಿ ಟೊಪ್ಪಿಗೆಯ ಒಬ್ಬರು ತಗಡಿನ ಒಂದೊಂದು ಟ್ಯಾಂಕಿನ ಮುಂದೆಯೂ ನಿಂತು, ಕಣ್ಣು ಮುಚ್ಚಿ, ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು, ಏನೋ ಗುನುಗಿ ಮುಂದಕ್ಕೆ ಹೋಗುತ್ತಿದ್ದರು. ಮಿಲ್ಲಿಗೆ ದೃಷ್ಟಿ ತಾಗದಿರಲೆಂದು ಸಾವ್ಕಾರರು ಕರೆಸಿದ್ದಾರೆ ಎಂದು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ತೀರ್ಮಾನಿಸಿದೆ. ಅವರು ನನ್ನ ಹತ್ತಿರ ಬಂದಾಗ ಕರ್ಚೀಫು ತಲೆಗೆ ಹೊದ್ದು, ಕೈ ಮುಗಿದು, ತಲೆ ಬಾಗಿಸಿ ನಿಂತೆ. ಅವರು ನನ್ನ ಭುಜ ಹಿಡಿದು ಎರಡು ಹೆಜ್ಜೆ ಆಚೆ ಸರಿಸಿದರು.

"ಈ ಕಡಿ ನಿಂದರ್ರಿ. ಆ ಬೆಲ್ಟಿಗಿ ಅಂಗಿ ಸಿಕ್ತಂದ್ರ ಆಮ್ಯಾಲ ಮನಷ್ಯಾ ಸಿಗಂಗಿಲ್ಲ."

ಅವರು ಮಿಲ್ಲಿನ ಆಪರೇಟರು. ಗುನುಗುತ್ತಿದ್ದದ್ದು ಟ್ಯಾಂಕಿನೊಳಗೆ ಎಷ್ಟು ಚೀಲ ಅಕ್ಕಿ ನಿಂತಿದೆ ಎಂಬುದನ್ನು.

ಆ ಗುರುತು ಆಮೇಲೆ ಸ್ನೇಹವಾಯಿತು. ಮೀರಾಹುಸೇನರ ಊರು ಮಾನ್ವಿ. ಇಪ್ಪತ್ತೆರಡು ವರ್ಷ ಅವರು ಆ ಮಿಲ್ಲಿನ ಹಿಂದಿನ ಒಂದು ಖೋಲಿಯಲ್ಲಿ ಇದ್ದರು. ಗುರುವಾರ ಸಂಜೆ ಮಾನ್ವಿ ಬಸ್ಸು ಹತ್ತಿ, ಶುಕ್ರವಾರದ ನಮಾಜನ್ನೂ ಹೆಂಡತಿ ಸುಗ್ರಾ ಬೇಗಂ ಕೈಯ ಊಟವನ್ನೂ ಮುಗಿಸಿ, ಶನಿವಾರ ಬೆಳಿಗ್ಗೆ ಮಿಲ್ಲು ಶುರುವಾಗುವ ಹೊತ್ತಿಗೆ ಮತ್ತೆ ಟ್ಯಾಂಕು ಬಡಿಯುತ್ತಿದ್ದರು. ಓದಿದ್ದು ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆ. ಉಳಿದದ್ದನ್ನೆಲ್ಲ ತಗಡು ಕಲಿಸಿತ್ತು. ಖಾಲಿ ತಗಡು ಗಂಟಲು ತೆರೆದು ಕೂಗುತ್ತದೆ, ತುಂಬಿದ್ದು ಉಣ್ಣುತ್ತಿರುವವನ ಹಾಗೆ ಮುಚ್ಚಿದ ಬಾಯಲ್ಲಿ ಮಾತಾಡುತ್ತದೆ. ಸದ್ದು ಎಲ್ಲಿ ಬದಲಾಯಿತೋ ಅಕ್ಕಿ ಅಲ್ಲಿಯವರೆಗೆ.

ಸಾವ್ಕಾರ ಮಹಾಂತಯ್ಯನವರಿಗೆ ಹಣೆ ತುಂಬ ವಿಭೂತಿ, ಬೆರಳು ತುಂಬ ಉಂಗುರ, ಬಾಯಿ ತುಂಬ "ನಮ್ಮ ಹುಸೇನ". ಮಿಲ್ಲಿಗೆ ಯಾರೇ ಬರಲಿ, "ಇವ ನಮ್ಮ ಹುಸೇನ, ನನ್ನ ತಮ್ಮ ಇದ್ದಂಗ" ಎಂದು ಬೆನ್ನು ಸವರಿ ತೋರಿಸುತ್ತಿದ್ದರು. ತಮ್ಮನಿಗೆ ಒಂದು ಕುರ್ಚಿ ಕೊಡಬೇಕೆಂಬುದು ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ನೆನಪಾಗಿರಲಿಲ್ಲ. ಮೀರಾಹುಸೇನರಿಗೂ ಅದು ನೆನಪಾಗಿರಲಿಲ್ಲ. ಅವರು ಆ ಮಾತನ್ನು ನಂಬಿದ್ದರು.

ಒಂದು ದಿನ ಚಹಾ ಕುಡಿಯುತ್ತ ಮಹಾಂತಯ್ಯನವರು ದೇವದುರ್ಗದಲ್ಲಿ ಇನ್ನೊಂದು ಮಿಲ್ಲು ಕಟ್ಟುವ ಸುದ್ದಿ ತೆಗೆದರು. ಕಾಲುವೆ ನೀರು ಬಂದ ಮೇಲೆ ಆ ಕಡೆ ಭತ್ತ ಭಾಳ, ಮಿಲ್ಲು ಕಡಿಮೆ.

"ಅದು ನಿನ್ನ ಕೈಗೆ, ಹುಸೇನ. ಮಷಿನ್ ನಿಂದು, ಮಂದಿ ನಿಂದು, ಇರಾಕ ಎರಡು ಖೋಲಿ ಮನಿ. ನಾ ಬರೀ ಪೂಜಿಗಿ ಬರ್ತೀನಿ."

"ನಿಜ ಹೇಳಾಕತ್ತೀರೇನ್ರಿ, ಸಾವ್ಕಾರ್ರ?"

"ಮತ್ತ? ಲಿಂಗ ಕೊರಳಾಗ ಕಟ್ಕೊಂಡು ಸುಳ್ಳ ಹೇಳ್ತೀನೇನು?"

ಆ ಗುರುವಾರ ಮಾನ್ವಿಗೆ ಹೋದ ಮೀರಾಹುಸೇನರು ಊಟಕ್ಕೆ ಕೂಡುವ ಮೊದಲೇ ಸುದ್ದಿ ಹೇಳಿದರು. ಸುಗ್ರಾ ಬೇಗಂ ತವರು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ. ಮದುವೆಯಾದಂದಿನಿಂದ ಗಂಡ ವಾರಕ್ಕೆ ಒಂದೂವರೆ ದಿನ ಸಿಗುವ ಸಂಸಾರ ಮಾಡಿದವರು. ಇನ್ನು ಮೇಲೆ ಗಂಡ ಏಳೂ ದಿನ ಮನೆಯಲ್ಲಿ, ಬಸ್ಸಿನಲ್ಲಿ ಕೂತರೆ ತವರು. ಅವರು ಎದ್ದು, ಅಟ್ಟದ ಮೇಲಿನ ಎರಡು ದೊಡ್ಡ ಪಾತೇಲಿಗಳನ್ನು ಇಳಿಸಿ ತೊಳೆದಿಟ್ಟರು. ಮಿಲ್ಲಿನ ಅಡಿಪಾಯ ಕೂಡ ಆಗಿಲ್ಲ ಎಂದು ಗಂಡ ಹೇಳಿದ್ದಕ್ಕೆ, "ಆಗ್ಲಿ ಬಿಡ್ರಿ, ತೊಳದ್ರ ಸವೀತಾವೇನು" ಎಂದರು.

ಇಲ್ಲಿ ಟ್ಯಾಂಕಿನ ವಿಚಾರ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಿಲ್ಲಿನಲ್ಲಿ ಭತ್ತದ ಹೊಟ್ಟು ಬಿಡಿಸುವುದು ಒಂದು ಯಂತ್ರ, ಅಕ್ಕಿಯನ್ನು ಬೆಳ್ಳಗೆ ಮಾಡುವ ಪಾಲಿಶರ್ ಇನ್ನೊಂದು, ಕಪ್ಪು ಕಾಳನ್ನು ಆರಿಸಿ ಊದಿ ಎಸೆಯುವ ಸಾರ್ಟರ್ ಮತ್ತೊಂದು. ಎಲ್ಲವೂ ಒಂದೇ ಗತಿಯಲ್ಲಿ ನಡೆದರೆ ನಡುವೆ ಟ್ಯಾಂಕು ಬೇಕಿಲ್ಲ. ಆದರೆ ಅಣ್ಣತಮ್ಮಂದಿರ ಹಾಗೆ ಯಂತ್ರಗಳೂ ಸರದಿಯ ಮೇಲೆ ಮುನಿಯುತ್ತವೆ. ಪಾಲಿಶರಿನ ಜಾಲಿ, ಅಂದರೆ ಒಳಗಿನ ಜರಡಿ, ಹರಿಯಿತೆಂದರೆ ಬದಲಿಸಲು ಮುಕ್ಕಾಲು ತಾಸು, ಅಷ್ಟೂ ಹೊತ್ತು ಸಾರ್ಟರ್ ಬಾಯಿ ತೆರೆದು ಕೂಡಬೇಕು. ಸಾರ್ಟರಿನ ಕಂಪ್ರೆಸರ್ ಕೈಕೊಟ್ಟರೆ ಪಾಲಿಶರ್ ಉಗುಳಿದ ಅಕ್ಕಿಗೆ ಜಾಗವಿಲ್ಲದೆ, ಅಕ್ಕಿಯನ್ನು ಮೇಲಕ್ಕೆತ್ತುವ ಎಲಿವೇಟರ್ ಚೋಕ್ ಆಗಿ, ಬೆಲ್ಟು ಸುಟ್ಟ ವಾಸನೆ ರಸ್ತೆಗೆ ಬರುತ್ತದೆ. ಈ ಇಬ್ಬರ ನಡುವೆ ನಿಂತು ಸಂಭಾಳಿಸುವುದೇ ಟ್ಯಾಂಕು. ಅದು ಎಷ್ಟು ದೊಡ್ಡದಿರಬೇಕು ಎಂಬುದನ್ನು ರಾಯಚೂರಿನ ಎಷ್ಟೋ ಮಿಲ್ಲುಗಳಲ್ಲಿ ತಗಡಿನವನ ಹತ್ತಿರ ಉಳಿದ ತಗಡು ತೀರ್ಮಾನಿಸುತ್ತದೆ.

ಮೀರಾಹುಸೇನರು ಹಾಗೆ ಬಿಡಲಿಲ್ಲ. ದೇವದುರ್ಗದ ಮಿಲ್ಲು ತಮ್ಮದೆಂದು ಗೊತ್ತಾದ ದಿನದಿಂದ ಆರು ತಿಂಗಳು, ಯಾವ ಯಂತ್ರ ನಿಂತಿತು, ಎಷ್ಟು ಹೊತ್ತು ನಿಂತಿತು, ಆಗ ಟ್ಯಾಂಕಿನಲ್ಲಿ ಎಷ್ಟಿತ್ತು ಎಂದು ಸೀಮೆಸುಣ್ಣದಲ್ಲಿ ಕಂಬದ ಮೇಲೆ ಗೀಚಿ, ಸಂಜೆಗೆ ಅದನ್ನು ಬೀಜದ ಅಂಗಡಿಯ ಕ್ಯಾಲೆಂಡರಿನ ಹಿಂಬದಿಗೆ ಇಳಿಸಿದರು. ಹಮಾಲರು ನಕ್ಕರು. "ಚಾಚಾ ಮಷಿನ್ ನಾಡಿ ಹಿಡ್ಯಾಕತ್ತಾನ, ನಾಳಿಗಿ ಗುಳಿಗಿ ಕೊಡ್ತಾನ" ಎಂದರು.

ಅಷ್ಟರಲ್ಲಿ ಅಂಬರೀಶ ಬಂದ. ಮಹಾಂತಯ್ಯನವರ ಅಕ್ಕನ ಮಗ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಹೈದರಾಬಾದಿನಲ್ಲಿ ಏನೋ ಮಾಡಿ, ಅದು ಏನೆಂದು ಯಾರೂ ಕೇಳದ ಹಾಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದವನು. ಹೊಸ ಮಿಲ್ಲಿನ ನಕ್ಷೆ ಮಾಡಲು ಮಾವ ಅವನನ್ನು ಕರೆಸಿದ್ದರು. ಮಿಲ್ಲಿನೊಳಗೆ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಓಡಾಡುವ ಮೊದಲ ಮನುಷ್ಯ ಅವನೇ.

"ಚಾಚಾ, ಇದಕ್ಕ ಬಫರ್ ಕೆಪ್ಯಾಸಿಟಿ ಅಂತಾರ" ಎಂದ, ಟ್ಯಾಂಕಿಗೆ ಬೆರಳು ತೋರಿಸಿ.

"ಅನ್ಲಿ ಬಿಡ್ರಿ. ಎಷ್ಟು ಚೀಲ ಅನ್ನೂದು ನಾ ಹೇಳ್ತೀನಿ" ಎಂದು ಮೀರಾಹುಸೇನರು ಕ್ಯಾಲೆಂಡರಿನ ಹಾಳೆ ಬಿಡಿಸಿದರು. "ತಾಸಿಗಿ ಎಂಬತ್ತು ಚೀಲ ನಡೀತದ. ದಿನಾ ನಿಂದ್ರೂದ್ರಾಗ ದೊಡ್ಡದು ಅಂದ್ರ ಮುಕ್ಕಾಲು ತಾಸು. ಅಲ್ಲಿಗಿ ಅರವತ್ತು ಚೀಲ. ಮುಂದಿನ ಮಷಿನ್ ನಿಂತ್ರ ತುಂಬಾಕ ಅರವತ್ತು ಚೀಲದ ಜಾಗ ಬೇಕು, ಹಿಂದಿಂದು ನಿಂತ್ರ ಕೊಡಾಕ ಅರವತ್ತು ಚೀಲ ಅಕ್ಕಿ ಬೇಕು. ಯಾವಾಗಲೂ ಅರ್ಧ ತುಂಬಿ, ಅರ್ಧ ಖಾಲಿ. ನೂರಾ ಇಪ್ಪತ್ತು ಚೀಲದ ಟ್ಯಾಂಕ್. ಮುಗೀತು."

"ಕರೆಂಟ್ ಹೋದ್ರ? ದೇವದುರ್ಗದಾಗ ಒಮ್ಮೊಮ್ಮಿ ನಾಕ್ ತಾಸು ಹೋಗ್ತದ."

"ಕರೆಂಟ್ ಹೋದ್ರ ಎರಡೂ ಮಷಿನ್ ನಿಂದರ್ತಾವ್ರಿ. ಟ್ಯಾಂಕಿನಾಗಿನ ಅಕ್ಕಿ ಯಾರಿಗಿ ಕೊಡ್ತೀರಿ?"

"ಮೋಟಾರ್ ಸುಟ್ರ?"

"ಎರಡು ದಿನ ಹೋಗ್ತದ. ಎರಡು ದಿನದ ಟ್ಯಾಂಕ್ ಕಟ್ಟಿದ್ರ ಮಿಲ್ ಎಲ್ಲಿ ಕಟ್ತೀರಿ?"

ಅಂಬರೀಶ ಹೆಲ್ಮೆಟ್ಟು ಸರಿ ಮಾಡಿಕೊಂಡ. "ಆದ್ರೂ ದೊಡ್ಡದು ಇದ್ರ ಸೇಫ್ ಅಲ್ಲೇನು?"

"ದೊಡ್ಡದಾದ್ರ ಮಬ್ಬು ಕವೀತದ್ರಿ. ಪಾಲಿಶರ್ ಮಾಡಿದ ತಪ್ಪು ಸಾರ್ಟರ್ ಮುಂದ ಬಂದು ಬೀಳೂದು ಯಾವಾಗ? ಒಳಗಿನ ಹಳೇ ಅಕ್ಕಿ ಖಾಲಿ ಆದಮ್ಯಾಲ. ಅರವತ್ತು ಚೀಲ ಇದ್ರ ಮುಕ್ಕಾಲು ತಾಸಿಗಿ ಗೊತ್ತಾಗ್ತದ. ಮುನ್ನೂರು ನಾನ್ನೂರು ಇದ್ರ ಸಂಜಿಕ ಗೊತ್ತಾಗ್ತದ. ಅಲ್ಲಿತನಕ ಹಾಳ ಮಾಡಿದ್ದು ಮಾಡಿದ್ದೇ. ಮತ್ತ ಪಾಲಿಶ್ ಆದ ಅಕ್ಕಿ ಬಿಸಿ ಇರ್ತದ, ಭಾಳ ಹೊತ್ತು ನಿಂತ್ರ ಬೆವರ್ತದ."

ಅಂಬರೀಶ ಹಾಳೆಯನ್ನು ಮಡಿಚಿ ಕಿಸೆಗೆ ಹಾಕಿಕೊಂಡ. ಆರು ತಿಂಗಳ ದುಡಿಮೆ ಹಾಗೆ ಕಿಸೆಗೆ ಹೋದದ್ದು ಮೀರಾಹುಸೇನರಿಗೆ ಹೆಮ್ಮೆಯೆನಿಸಿತು. ಓದಿದವರ ಕಿಸೆ.

ಹೊಸ ಮಿಲ್ಲಿಗೆ ಅರ್ಧ ಬಂಡವಾಳ ಹಾಕುವವರು ಮಾನ್ವಿಯ ಅಕ್ಕಿ ವ್ಯಾಪಾರಿ ಪೀರಾ ಸಾಬ್. ಅವರು ಮಷಿನರಿ ಅರಿಯದವರು, ಮನುಷ್ಯರನ್ನು ಅರಿತವರೆಂದು ಹೆಸರು. ನಕ್ಷೆ ಮುಂದಿಟ್ಟಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೀರಾಹುಸೇನ್ ಹೂಂ ಅಂದ್ರ ನಂದೂ ಹೂಂ" ಎಂದುಬಿಟ್ಟರು. ಹೀಗಾಗಿ ಒಂದು ಮಧ್ಯಾಹ್ನ ಮಹಾಂತಯ್ಯನವರು ಮೀರಾಹುಸೇನರನ್ನು ಆಫೀಸಿಗೆ ಕರೆಸಿದರು. ಅವತ್ತು ಕುರ್ಚಿ ಕೊಟ್ಟರು. ಚಹಾದ ಜತೆ ಬಿಸ್ಕೀಟು ಬಂತು.

ಮೇಜಿನ ತುಂಬ ಬಣ್ಣದ ನಕ್ಷೆ. ಎಲ್ಲ ಇಂಗ್ಲಿಷಿನಲ್ಲಿ. ಕೆಳಗೆ ಅಂಬರೀಶನ ಹೆಸರು ದಪ್ಪಗೆ, ಅದರ ಪಕ್ಕದಲ್ಲಿ ಖಾಲಿ ಜಾಗ.

"ಇಲ್ಲೊಂದು ಸಹಿ ಹಾಕು, ಹುಸೇನ. ನಿನ್ನ ಮಿಲ್ಲು, ನಿನ್ನ ಸಹಿ ಇರಬೇಕಲ್ಲ?"

ಮೀರಾಹುಸೇನರು ಪೆನ್ನು ಹಿಡಿದರು. ಟ್ಯಾಂಕಿನ ಚಿತ್ರದ ಮೇಲೆ ಬೆರಳಿಟ್ಟರು. "ಇಲ್ಲಿ ಇಪ್ಪತ್ತೈದು ಅಂತ ಬರದಾರಲ್ರಿ, ಏನಿದು?"

"ಘನ ಮೀಟರ್" ಎಂದ ಅಂಬರೀಶ.

"ಅದು ನನಗ ತಿಳೀವಲ್ದು. ಚೀಲಕ್ಕ ಎಷ್ಟಾತು?"

ಅಂಬರೀಶ ಮಾವನ ಮುಖ ನೋಡಿದ. ಮಹಾಂತಯ್ಯನವರು ಬಿಸ್ಕೀಟಿನ ತಟ್ಟೆಯನ್ನು ಮೀರಾಹುಸೇನರ ಕಡೆ ಸರಿಸಿದರು.

"ನೀ ಹೇಳಿದ್ದೇ, ಹುಸೇನ. ನೂರಾ ಇಪ್ಪತ್ತು."

ಮೀರಾಹುಸೇನರು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ, ಶಾಲೆಯಲ್ಲಿ ಕಲಿತ ಮುದ್ದಾದ ಅಕ್ಷರದಲ್ಲಿ ಸಹಿ ಹಾಕಿದರು. ಅದರ ಫೋಟೋ ಬೇಕೆಂದು ನಾಚುತ್ತ ಕೇಳಿದರು. ಅಂಬರೀಶನೇ ತೆಗೆದುಕೊಟ್ಟ.

ಆ ಫೋಟೋ ಮಾನ್ವಿಯಲ್ಲಿ ಎರಡು ತಿಂಗಳು ಓಡಾಡಿತು. ಕಟಿಂಗ್ ಅಂಗಡಿಯಲ್ಲಿ, ಮಸೀದಿಯ ಮುಂದೆ, ಸುಗ್ರಾ ಬೇಗಂ ತಮ್ಮಂದಿರ ಫೋನುಗಳಲ್ಲಿ. ನಕ್ಷೆ ಯಾರಿಗೂ ತಿಳಿಯಲಿಲ್ಲ, ಸಹಿ ಎಲ್ಲರಿಗೂ ತಿಳಿಯಿತು. ಪರೀಕ್ಷೆ ಮುಗಿಸಿ ರಾಯಚೂರಿನ ಹಾಸ್ಟೆಲಿನಿಂದ ಮಗಳು ಅಲ್ಮಾಸ್ ಮನೆಗೆ ಬಂದಾಗ ಅವಳಿಗೂ ತೋರಿಸಿದರು. ಅವಳು ಬಿ.ಎಸ್ಸಿ. ಓದುತ್ತಿದ್ದವಳು. ಸಹಿ ನೋಡಲಿಲ್ಲ, ನಕ್ಷೆ ನೋಡಿದಳು.

"ಅಬ್ಬಾ, ಹತ್ತು ಲೀಟರಿನ ಬಕೆಟ್ ತುಂಬ ಅಕ್ಕಿ ಹಾಕಿದ್ರ ಎಷ್ಟು ಕಿಲೋ ಬರ್ತದ?"

"ಎಂಟು."

"ಒಂದು ಘನ ಮೀಟರ್ ಅಂದ್ರ ಅಂಥಾ ನೂರು ಬಕೆಟ್. ಎಂಟುನೂರು ಕಿಲೋ. ಐವತ್ತು ಕಿಲೋದ ಚೀಲ ಹದಿನಾರು." ಅವಳು ಫೋನನ್ನು ಅಪ್ಪನ ಕೈಗೆ ವಾಪಸ್ಸು ಕೊಟ್ಟಳು. "ಇಪ್ಪತ್ತೈದಕ್ಕ ನಾನ್ನೂರು ಚೀಲ. ನೀವು ನೂರಾ ಇಪ್ಪತ್ತು ಅಂತಿದ್ರಲ್ಲ?"

ಮೀರಾಹುಸೇನರು ಅಡುಗೆಮನೆಯಿಂದ ಬಕೆಟ್ಟು ತರಿಸಿದರು. ಮನೆಯ ಅಕ್ಕಿ ಸುರಿದು, ಪಕ್ಕದ ಕಿರಾಣಿಯ ತಕ್ಕಡಿಯಲ್ಲಿ ತೂಗಿ ಬಂದರು. ಎಂಟು ಕಿಲೋ. ಎಂಟು ಎಂದು ಅವರಿಗೆ ಮೊದಲೇ ಗೊತ್ತಿತ್ತು. ಸಾವ್ಕಾರರು ಸುಳ್ಳು ಹೇಳಿದರು ಎನ್ನುವುದಕ್ಕಿಂತ ಬಕೆಟ್ಟು ಸುಳ್ಳು ಹೇಳಿತು ಎನ್ನುವುದು ಅವರಿಗೆ ಸುಲಭವಿತ್ತು.

ಮರುದಿನ ದೇವದುರ್ಗದ ಬಸ್ಸು ಹತ್ತಿದರು. ಜಾಲಹಳ್ಳಿ ರಸ್ತೆಯ ಹೊಸ ಮಿಲ್ಲಿನ ಮುಂದೆ ಇಳಿದು ತಲೆ ಎತ್ತಿದರೆ, ಶೆಡ್ಡಿನ ಸೂರನ್ನು ಸೀಳಿಕೊಂಡು ಕಬ್ಬಿಣದ ಕಾಲುಗಳ ಮೇಲೆ ಒಂದು ತಗಡಿನ ಗೋಡೆ ಮೇಲಕ್ಕೆದ್ದಿದೆ. ಅಗಲ ಹದಿನಾರು ಅಡಿ, ಎತ್ತರ ಹನ್ನೊಂದು, ದಪ್ಪ ಬರೀ ಐದು. ಅದೇ ಟ್ಯಾಂಕು. ಹಗ್ಗದಲ್ಲಿ ಜೋತುಬಿದ್ದ ಪೇಂಟರ್ ಒಬ್ಬ ಅದರ ಮೇಲೆ "ಶ್ರೀ ಚೆನ್ನಬಸಯ್ಯಸ್ವಾಮಿ" ಎಂದು ಬರೆಯುತ್ತ "ಸ್ವಾ"ದವರೆಗೆ ಬಂದಿದ್ದ. ಚೆನ್ನಬಸಯ್ಯಸ್ವಾಮಿಯವರು ಮಹಾಂತಯ್ಯನವರ ತೀರಿಹೋದ ತಂದೆ. ಕೆಳಗೆ ಕೊಡೆ ಹಿಡಿದು ಮಹಾಂತಯ್ಯನವರೇ ನಿಂತಿದ್ದರು.

"ಬಾ ಹುಸೇನ, ನೋಡು. ಬಸ್ಸಿನಾಗ ಕುಂತು ಓದಬೇಕಂದ್ರ ಅಕ್ಷರಕ್ಕ ಎರಡಡಿ ಬೇಕು ಅಂದ ಪೇಂಟರ್. ಅಪ್ಪನ ಹೆಸರಿಗಿ ಎಂಟು ಅಕ್ಷರ. ಹದಿನಾರಡಿ ಆತು. ಕೆಳಗ ರೈಸ್ ಇಂಡಸ್ಟ್ರೀಸ್."

ಮಿಲ್ಲಿನ ಟ್ಯಾಂಕನ್ನು ಅಕ್ಷರ ಎಣಿಸಿ ಕಟ್ಟಿದ್ದಾರೆಂಬುದು ಮೀರಾಹುಸೇನರ ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಂದೆಯ ಹೆಸರು ಇನ್ನೊಂದಿಷ್ಟು ಚಿಕ್ಕದಿದ್ದಿದ್ದರೆ ಮಿಲ್ಲು ಬಚಾವಾಗುತ್ತಿತ್ತು.

"ಸಾವ್ಕಾರ್ರ, ಇದು ನಾನ್ನೂರು ಚೀಲದ್ದು."

"ಇದ್ದೀತು."

"ಅವತ್ತು ನಾ ಚೀಲಕ್ಕ ಎಷ್ಟು ಅಂತ ಕೇಳಿದಾಗ ನೀವು ನೂರಾ ಇಪ್ಪತ್ತು ಅಂದ್ರಿ."

"ಅಂದಿದ್ದೆ" ಎಂದರು ಮಹಾಂತಯ್ಯನವರು, ಬಹಳ ಸಮಾಧಾನದಿಂದ. "ಇಲ್ಲಾಂದ್ರ ನೀ ಸಹಿ ಹಾಕ್ತಿದ್ದೇನು?"

ಮಹಾಂತಯ್ಯನವರು ಕೊಡೆಯನ್ನು ಮೀರಾಹುಸೇನರ ತಲೆಯ ಮೇಲಕ್ಕೂ ಸ್ವಲ್ಪ ಚಾಚಿ, "ಸಣ್ಣ ಮಾತಿಗೆಲ್ಲ ಮನಸಿಗಿ ಹಚ್ಕೋಬ್ಯಾಡ. ಮಿಲ್ ನಿನ್ನ ಕೈಯಾಗ ಇರ್ತದ, ನಿನಗ ಬೇಕಾದಷ್ಟೇ ತುಂಬ್ಕೊ" ಎಂದರು.

ಇದರಲ್ಲಿ ಸ್ವಲ್ಪ ಹುರುಳಿತ್ತು. ಮಿಲ್ಲು ಕೈಯಲ್ಲಿದ್ದರೆ ಟ್ಯಾಂಕಿನ ಕಾಲುಭಾಗ ಮಾತ್ರ ಬಳಸಬಹುದು. ಮೀರಾಹುಸೇನರು ಸುಳ್ಳನ್ನು ನುಂಗಿ, ಏಣಿ ಹತ್ತಿ, ಟ್ಯಾಂಕಿನ ಗಾಜಿನ ಕಿಂಡಿಯ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಇಳಿದರು. ಇದಕ್ಕಿಂತ ಮೇಲೆ ಅಕ್ಕಿ ಏರಬಾರದು. ಮಾನ್ವಿಗೆ ಹೋಗಿ ಹೆಂಡತಿಗೆ, "ಟ್ಯಾಂಕ್ ಸ್ವಲ್ಪ ದೊಡ್ಡದಾಗ್ಯಾದ, ನಾ ಸರಿ ಮಾಡ್ಕೋತೀನಿ" ಎಂದಷ್ಟೇ ಹೇಳಿದರು. ಸುಗ್ರಾ ಬೇಗಂ ಆ ಹೊತ್ತಿಗೆ ಹಾಸಿಗೆಗಳನ್ನೂ ಕಟ್ಟಿಟ್ಟಿದ್ದರು.

ಉದ್ಘಾಟನೆಯ ದಿನ ಸ್ವಾಮಿಗಳು ಬಂದರು, ರಾಜಕೀಯದವರು ಬಂದರು, ಶಾಮಿಯಾನ ಬಂತು. ಆಫೀಸಿನ ಬಾಗಿಲ ಮೇಲೆ ಹಿತ್ತಾಳೆಯ ಪಟ್ಟಿ ಹೊಳೆಯುತ್ತಿತ್ತು: ಅಂಬರೀಶ, ಬಿ.ಇ., ಪ್ಲಾಂಟ್ ಮ್ಯಾನೇಜರ್. ಮೀರಾಹುಸೇನರು ಅದನ್ನು ಅಕ್ಷರಕ್ಕಕ್ಷರ ಕೂಡಿಸಿ ಎರಡು ಸಲ ಓದಿದರು. ಮಹಾಂತಯ್ಯನವರು ಹಾರ ಹಾಕಿಕೊಂಡೇ ಬಂದು ಬೆನ್ನು ಸವರಿದರು.

"ಅಕ್ಕ ಬಿಡವಲ್ಲಳಪಾ. ಒಂದು ಸುಗ್ಗಿ ಇವನು ನೋಡ್ಲಿ. ರಾಯಚೂರು ಮಿಲ್ ಬಿಟ್ಟು ನೀ ಬಂದ್ರ ಅಲ್ಲಿ ಯಾರದಾರ? ನೀ ನನ್ನ ಬಲಗೈ ಇದ್ದಂಗ."

ತಮ್ಮನ ಸ್ಥಾನದಿಂದ ಕೈಯ ಸ್ಥಾನಕ್ಕೆ ಇಳಿದಿದ್ದರು. ಮೀರಾಹುಸೇನರು ಊಟಕ್ಕೆ ನಿಲ್ಲದೆ ಬಸ್ಸು ಹಿಡಿದರು. ಹೋಗುವ ಮುಂಚೆ ಕಿಂಡಿಯ ಹತ್ತಿರ ನೋಡಿದರು. ಉದ್ಘಾಟನೆಗೆಂದು ಒರೆಸಿದವರು ಸೀಮೆಸುಣ್ಣದ ಗೆರೆಯನ್ನೂ ಒರೆಸಿದ್ದರು.

ಮಾನ್ವಿಯಲ್ಲಿ ಸುಗ್ರಾ ಬೇಗಂ ಕಟ್ಟಿದ ಹಾಸಿಗೆಗಳನ್ನು ಬಿಚ್ಚಿದರು. "ಒಂದು ಸುಗ್ಗಿ ಅಂದಾರ" ಎಂದರು ಮೀರಾಹುಸೇನರು. "ಅವರು ಅಂದಿದ್ದು ಎಷ್ಟು ಕಿಲೋ ಬರ್ತದ ಅಂತ ಬಕೆಟ್‌ನಾಗ ಹಾಕಿ ನೋಡ್ರಿ" ಎಂದರು ಸುಗ್ರಾ ಬೇಗಂ.

ಸುಗ್ಗಿ ಅರ್ಧಕ್ಕೆ ಬರುವ ಮೊದಲೇ ಆಗಬೇಕಾದದ್ದು ಆಯಿತು. ದೊಡ್ಡ ಟ್ಯಾಂಕು ಖಾಲಿ ಕಂಡರೆ ಅಂಬರೀಶನಿಗೆ ತಡೆಯುತ್ತಿರಲಿಲ್ಲ, ಕುತ್ತಿಗೆಯವರೆಗೆ ತುಂಬಿಸಿಯೇ ಇಡುತ್ತಿದ್ದ. ಒಂದು ಬೆಳಿಗ್ಗೆ ಹತ್ತಕ್ಕೆ ಪಾಲಿಶರಿನ ಜಾಲಿ ಹರಿಯಿತು. ನುಚ್ಚು, ತೌಡು, ಅಕ್ಕಿ ಎಲ್ಲ ಒಂದಾಗಿ ಟ್ಯಾಂಕಿಗೆ ಹೋಯಿತು. ಸಾರ್ಟರಿನ ಮುಂದೆ ಮಾತ್ರ ಒಳಗಿದ್ದ ಹಳೆಯ ಒಳ್ಳೆಯ ಅಕ್ಕಿಯೇ ಬೀಳುತ್ತಿದ್ದುದರಿಂದ ಎಲ್ಲರೂ ನೆಮ್ಮದಿಯಾಗಿದ್ದರು. ತಾಸಿಗೆ ಎಂಬತ್ತರಂತೆ ನಾನೂರು ಚೀಲ ಕರಗಲು ಐದು ತಾಸು. ಮಧ್ಯಾಹ್ನ ಮೂರಕ್ಕೆ ಸಾರ್ಟರು ಕೆಮ್ಮತೊಡಗಿದಾಗ ಟ್ಯಾಂಕಿನೊಳಗೆ ನಾನೂರು ಚೀಲ ಎಮ್ಮೆಯ ಮೇವು ತಯಾರಾಗಿತ್ತು. ಖಾಲಿ ಮಾಡಲು ಹೋದರೆ ಆ ಚಪ್ಪಟೆ ಟ್ಯಾಂಕಿನ ನಾಲ್ಕೂ ಮೂಲೆಯಲ್ಲಿ, ಮೊದಲ ದಿನದಿಂದ ಕದಲದೆ ಬೆವತು ಹಳದಿಯಾಗಿ ಹುಳುಬಿದ್ದ ಅಕ್ಕಿ ಹೆಂಟೆ ಹೆಂಟೆಯಾಗಿ ಉದುರಿತು. ಅದರಲ್ಲಿ ಆಗಾಗ ಕಳಚಿ ಬಿದ್ದದ್ದು ಅಷ್ಟರಲ್ಲಿ ಎಷ್ಟೋ ಚೀಲಗಳಲ್ಲಿ ಬೆರೆತು ಪೀರಾ ಸಾಬರ ಗಿರಾಕಿಗಳ ಮನೆಗೂ ಹೋಗಿತ್ತು.

ಪೀರಾ ಸಾಬ್ ಮಾನ್ವಿಯಿಂದ ಬಂದರು. ಮೀರಾಹುಸೇನರನ್ನೂ ರಾಯಚೂರಿನಿಂದ ಕರೆಸಿದರು. ದೇವದುರ್ಗದ ಆಫೀಸಿನ ಮೇಜಿನ ಮೇಲೆ ಅದೇ ನಕ್ಷೆ.

"ಈ ಟ್ಯಾಂಕ್ ಇಷ್ಟು ದೊಡ್ಡದು ಮಾಡಂದವರು ಯಾರು?" ಎಂದರು ಪೀರಾ ಸಾಬ್.

ಅಂಬರೀಶ ನಕ್ಷೆಯ ಕೆಳಗೆ ಬೆರಳಿಟ್ಟ. ಬಲದಿಂದ ಎಡಕ್ಕೆ ಬರೆದ ಮುದ್ದಾದ ಸಹಿ.

ಪೀರಾ ಸಾಬರು ಅದನ್ನು ಓದಬಲ್ಲವರು. ಬಹಳ ಹೊತ್ತು ನೋಡಿದರು. "ಇದನ್ನ ನೋಡೇ ನಾ ಕೈ ಹಾಕಿದ್ದೆ, ಹುಸೇನ್ ಭಾಯಿ."

"ನಾ ಹೇಳಿದ್ದು ನೂರಾ ಇಪ್ಪತ್ತು" ಎಂದರು ಮೀರಾಹುಸೇನರು. "ಕ್ಯಾಲೆಂಡರ್ ಹಾಳ್ಯಾಗ ಬರದು ಕೊಟ್ಟೀನಿ. ಇಂಜಿನಿಯರ್ ಸಾಹೇಬರ ಹಂತೇಕ ಅದ."

"ಯಾವ ಹಾಳಿ?" ಎಂದ ಅಂಬರೀಶ. ಅದು ನಾಟಕವಲ್ಲ. ಹಾಳೆ ಪ್ಯಾಂಟಿನ ಜತೆ ಒಗೆಯಲು ಹೋಗಿ ಎಂದೋ ಮುದ್ದೆಯಾಗಿತ್ತು, ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ಮೀರಾಹುಸೇನರು ಮಹಾಂತಯ್ಯನವರ ಕಡೆ ತಿರುಗಿದರು. "ಸಾವ್ಕಾರ್ರ, ಚೀಲಕ್ಕ ಎಷ್ಟು ಅಂತ ನಾ ಕೇಳಿದ್ದೆ. ನೀವು ಏನಂದ್ರಿ, ಇವರಿಗಿ ಹೇಳ್ರಿ."

ಮಹಾಂತಯ್ಯನವರು ಉಂಗುರವೊಂದನ್ನು ಬೆರಳಲ್ಲಿ ಸುತ್ತು ತಿರುಗಿಸಿದರು. ನಡುವೆ ಒಮ್ಮೆ ಅವರ ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಹಣೆಯ ವಿಭೂತಿ ಕದಲದ ಹಾಗೆ ಹೇಳಿದರು:

"ನಾ ಏನನ್ಲಿ? ನೀ ಹಳಬ, ನಿನಗ ತಿಳಿದಂಗ ಮಾಡು ಅಂದಿದ್ದೆ."

ಹೊರಗೆ ಹಮಾಲರು ಹಳದಿ ಅಕ್ಕಿಯನ್ನು ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದರು. ಆ ಸದ್ದು ಮೀರಾಹುಸೇನರ ಕಿವಿಗೆ ಬೀಳುತ್ತಿತ್ತು. ಇಪ್ಪತ್ತೆರಡು ವರ್ಷ ತಗಡಿಗೆ ಕಿವಿ ಹಚ್ಚಿ ಒಳಗೆ ಎಷ್ಟಿದೆ ಎಂದು ಚೀಲ ತಪ್ಪದೆ ಹೇಳಿದವರು. ಎದುರಿಗೆ ಕೂತ ಮನುಷ್ಯನನ್ನು ಒಂದು ಸಲವೂ ಬಡಿದು ನೋಡಿರಲಿಲ್ಲ.

"ಆತ್ರಿ" ಎಂದು ಹೊರಟರು.

ರಾಯಚೂರಿನ ಮಿಲ್ಲಿಗೆ ಹೋದಾಗ ನಾಲ್ಕು ಗಂಟೆ. ಕೆಲಸ ಬಿಡುವವರು ಸಾಮಾನ್ಯವಾಗಿ ಬಾಗಿಲು ಒದ್ದು ಹೋಗುತ್ತಾರೆ, ಇಲ್ಲವೆ ಬೈದು ಹೋಗುತ್ತಾರೆ. ಇವರು ಒಂದು ತಾಸು ನಿಂತು, ಪಾಲಿಶರಿನ ಜಾಲಿ ನೋಡಿ, ಟ್ಯಾಂಕು ಬಡಿದು, ಅರ್ಧಕ್ಕೆ ತಂದು ನಿಲ್ಲಿಸಿ, ಖೋಲಿಯ ಕೀಲಿಯನ್ನು ಹಮಾಲರ ಮೇಸ್ತ್ರಿಗೆ ಕೊಟ್ಟು ಐದರ ಮಾನ್ವಿ ಬಸ್ಸು ಹತ್ತಿದರು. ಮಾನ್ವಿಯಲ್ಲಿ ಕೆಲವು ದಿನ ಕಟಿಂಗ್ ಅಂಗಡಿಗೆ ಹೋಗಲಿಲ್ಲ. ಸಹಿ ನೋಡಿದವರೆಲ್ಲ ಅಲ್ಲಿ ಕೂಡುತ್ತಿದ್ದರು.

ಈಗ ಅವರು ಮಾನ್ವಿಯ ಹೊರವಲಯದ ಒಂದು ಹಳೆಯ ಚಿಕ್ಕ ಗಿರಣಿಯಲ್ಲಿದ್ದಾರೆ. ಒಂದೇ ಮಷಿನ್, ಮೇಲೆ ಭತ್ತ ಸುರಿದರೆ ಕೆಳಗೆ ಅಕ್ಕಿ. ನಡುವೆ ಟ್ಯಾಂಕಿನ ಪ್ರಶ್ನೆಯೇ ಇಲ್ಲ. ಬಡಿಯಲು ಏನೂ ಇಲ್ಲದ್ದಕ್ಕೆ ಮೊದಮೊದಲು ಅವರ ಬೆರಳು ಕಂಬ, ಡಬ್ಬಿ, ಒಮ್ಮೆ ಮಾಲೀಕನ ಸ್ಕೂಟರಿನ ಪೆಟ್ರೋಲ್ ಟ್ಯಾಂಕನ್ನೂ ಬಡಿದಿದ್ದುಂಟು. ಒಂದೂವರೆ ಲೀಟರ್ ಉಳಿದಿದೆ ಎಂದು ಹೇಳಿದ್ದೂ ಉಂಟು.

ಅಲ್ಲಿಗೆ ಸೇರಿ ಒಂದು ತಿಂಗಳಾಗಿರಬೇಕು, ಊಟದ ಹೊತ್ತಿನಲ್ಲಿ ಅಂಬರೀಶನ ಫೋನು ಬಂತು. ಅವನ ದನಿಯಲ್ಲಿ ನಾಚಿಕೆಯಾಗಲಿ ವಿಷಾದವಾಗಲಿ ಇರಲಿಲ್ಲ, ಅವಸರವಿತ್ತು.

"ಚಾಚಾ, ಅವತ್ತು ಆ ಹಾಳ್ಯಾಗ ಎಷ್ಟು ಚೀಲ ಅಂತ ಬರದಿದ್ರಿ?"

ಮೀರಾಹುಸೇನರು ತುತ್ತು ಕೆಳಗಿಟ್ಟರು. ಹಾಳೆ ಈಗ ಅವನಿಗೆ ನೆನಪಾಗಿದೆ.

"ನೂರಾ ಇಪ್ಪತ್ತು."

"ಅಷ್ಟ ಸಾಕಾ?"

"ಸಾಕು. ಅರ್ಧ ತುಂಬಿ ಇಡ್ರಿ."

ಫೋನು ಇಟ್ಟ ಮೇಲೆ ಸುಗ್ರಾ ಬೇಗಂ ಎದುರು ಬಂದು ನಿಂತರು. ಪಾತೇಲಿಗಳು ಮತ್ತೆ ಅಟ್ಟ ಸೇರಿದ್ದವು. "ಅವನಿಗ್ಯಾಕ ಹೇಳಿದ್ರಿ? ಸುಳ್ಳ ಹೇಳಾಕ ಬರಲ್ಲಂದ್ರ ಬಾಯಿಯಾದ್ರೂ ಮುಚ್ಕೊಂಡು ಇರಾಕ ಬರ್ತಿತ್ತಲ್ಲ."

"ಅಕ್ಕಿ ಏನ್ ತಪ್ಪು ಮಾಡ್ಯಾದ?" ಎಂದರು ಮೀರಾಹುಸೇನರು.

ದೇವದುರ್ಗದ ಮಿಲ್ಲಿನೊಳಗೆ ನೂರಾ ಇಪ್ಪತ್ತು ಚೀಲದ ಹೊಸ ಟ್ಯಾಂಕು ಕೂತಿತು. ಮಿಲ್ಲು ಈಗ ಚೆನ್ನಾಗಿ ನಡೆಯುತ್ತಿದೆ. ಆ ಅಳತೆಯನ್ನು ಅಧ್ಯಯನ ಮಾಡಿ ಕಂಡುಹಿಡಿದದ್ದಕ್ಕೆ ಮಿಲ್ಲಿನವರ ಒಂದು ಸಭೆಯಲ್ಲಿ ಅಂಬರೀಶನಿಗೆ ಶಾಲು ಹೊದೆಸಿದರು. ಮಹಾಂತಯ್ಯನವರು ಚಪ್ಪಾಳೆ ತಟ್ಟಿದರು. ದೊಡ್ಡ ಟ್ಯಾಂಕನ್ನು ಕೆಡವಲಿಲ್ಲ, ಅದರ ಮೇಲೆ ತಂದೆಯ ಹೆಸರಿದೆಯಲ್ಲ. ಒಳಗೆ ಒಂದು ಕಾಳೂ ಇಲ್ಲದೆ, ಸೂರು ಸೀಳಿಕೊಂಡು ನಿಂತಿದೆ.

ಕಳೆದ ತಿಂಗಳು ಜಾಲಹಳ್ಳಿಯಲ್ಲಿ ಸುಗ್ರಾ ಬೇಗಂ ಕಡೆಯ ಮದುವೆಯಿತ್ತು, ನನಗೂ ಕರೆಯಿತ್ತು. ದೇವದುರ್ಗದಿಂದ ಬಸ್ಸಿನಲ್ಲಿ ಮೀರಾಹುಸೇನರ ಪಕ್ಕವೇ ಕೂತಿದ್ದೆ. ಆ ಮಿಲ್ಲು ಬಂತು. ಎರಡೆರಡು ಅಡಿಯ ಎಂಟು ಅಕ್ಷರಗಳು ಕಿಟಕಿಯ ತುಂಬ ಹಾದುಹೋದವು. ಅವರು ಮುಖ ತಿರುಗಿಸಲಿಲ್ಲ, ನೆಟ್ಟಗೆ ಅದನ್ನೇ ನೋಡಿದರು. ನನ್ನೊಳಗಿನ ಬರೆಯುವವನಿಗೆ ಅಂಥ ಗಳಿಗೆಯಲ್ಲಿ ಸುಮ್ಮನಿರಲಾಗುವುದಿಲ್ಲ. ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡು ಕೇಳಿದೆ:

"ಇಷ್ಟೆಲ್ಲ ಆದಮೇಲೆ, ಆ ಟ್ಯಾಂಕು ನೋಡಿದಾಗ ನಿಮ್ಮ ಮನಸ್ಸಿಗೆ ಏನು ಅನ್ನಿಸುತ್ತದೆ?"

"ಇನ್ನೂರಾ ಎಂಬತ್ತು ಚೀಲ ಹೆಚ್ಚಾತು ಅನಸ್ತದ" ಎಂದರು.